ತವರಿನಿಂದ ಗಂಡನ ಮನೆಗೆ: ಮಗುವಿನ ಲಸಿಕೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಹೆರಿಗೆ ತವರಿನ ಹತ್ತಿರದ ಆಸ್ಪತ್ರೆಯಲ್ಲಿ, ಬಾಣಂತನ ಅಮ್ಮನ ಮನೆಯಲ್ಲಿ, ಮೂರೋ ಐದೋ ತಿಂಗಳಾದ ಮೇಲೆ ಮಗು ಎತ್ತಿಕೊಂಡು ಗಂಡನ ಮನೆಗೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಇದೇ ಕ್ರಮ ಅಲ್ವಾ? ತೊಂದರೆ ಏನೆಂದರೆ, ಮೂರೂವರೆ ತಿಂಗಳ ಇಂಜೆಕ್ಷನ್ ಸರಿಯಾಗಿ ಈ ಓಡಾಟದ ನಡುವೆ ಬೀಳುತ್ತದೆ. ತವರೂರಿನ ಆಶಾ ಕಾರ್ಯಕರ್ತೆ ‘ಅಲ್ಲಿ ಹಾಕಿಸ್ತಾರೆ’ ಅಂದುಕೊಳ್ಳುತ್ತಾರೆ. ಗಂಡನ ಊರಿನವರಿಗೆ ಮಗು ಬಂದಿರುವುದೇ ಗೊತ್ತಿರುವುದಿಲ್ಲ.

ಆಸ್ಪತ್ರೆ ಬಿಡುವ ಮೊದಲು

ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಬೀಳಬೇಕು. ತಾಯಿಗೆ ಆ ಸೋಂಕು ಇದ್ದರೆ ಹೆರಿಗೆ ಹೊತ್ತಿನಲ್ಲೇ ಮಗುವಿಗೆ ದಾಟಬಹುದು, ಅದಕ್ಕೇ ಈ ಅವಸರ. ಜೊತೆಗೆ ಎಡ ತೋಳಿಗೆ ಕ್ಷಯ ತಡೆಯುವ ಬಿಸಿಜಿ, ಬಾಯಿಗೆ ಎರಡು ಹನಿ ಪೋಲಿಯೊ. ಈ ಮೊದಲ ಪೋಲಿಯೊ ಹನಿಗೆ 15 ದಿನದ ಗಡುವಿದೆ. ಕೆಲವು ಕಡೆ ಬಿಸಿಜಿಗೆ ಮಾತ್ರ ‘ಗುರುವಾರ ಬನ್ನಿ’ ಅನ್ನುತ್ತಾರೆ. ಅದು ಸೋಮಾರಿತನವಲ್ಲ. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಮದ್ದು ಇರುತ್ತದೆ, ಒಮ್ಮೆ ಕಲಸಿದರೆ ನಾಲ್ಕು ಗಂಟೆಯಲ್ಲಿ ಖಾಲಿ ಮಾಡಬೇಕು, ಉಳಿದದ್ದನ್ನು ಬಿಸಾಡಬೇಕು. ಹಾಗಾಗಿ ಮಕ್ಕಳನ್ನೆಲ್ಲ ಒಂದೇ ದಿನ ಸೇರಿಸುತ್ತಾರೆ.

ಬಿಸಿಜಿ ಹಾಕಿದ ಜಾಗದಲ್ಲಿ ಎರಡು ಮೂರು ವಾರ ಬಿಟ್ಟು ಸಣ್ಣ ಗುಳ್ಳೆ ಏಳುತ್ತದೆ, ಒಡೆದು ಕೀವೂ ಬರಬಹುದು. ಅರಿಶಿನ, ಮುಲಾಮು ಏನೂ ಹಚ್ಚಬೇಡಿ. ತಾನೇ ಒಣಗಿ ಕಲೆ ಉಳಿಯುತ್ತದೆ.

ಈಗ ತಾಯಿ ಕಾರ್ಡ್. ಹಾಕಿದ ಪ್ರತಿಯೊಂದಕ್ಕೂ ತಾರೀಖು ಬರೆದಿದ್ದಾರಾ ಅಂತ ಅಲ್ಲೇ ನಿಂತು ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದು ಗಂಡನಿಗೂ ಕಳಿಸಿ. ಲಸಿಕೆ ದಾಖಲಿಸುವ ಸರ್ಕಾರಿ ಪೋರ್ಟಲ್ ಯು-ವಿನ್‌ನಲ್ಲಿ ನೋಂದಾಯಿಸುವಾಗ ತಾತನ ನಂಬರ್ ಕೊಡಬೇಡಿ, ನಿಮ್ಮದೇ ಕೊಡಿ. ಇಲ್ಲದಿದ್ದರೆ ನೀವು ಗಂಡನ ಮನೆಗೆ ಹೋದ ಮೇಲೂ ಮುಂದಿನ ಲಸಿಕೆಯ ಮೆಸೇಜು ತಾತನ ಫೋನಿಗೇ ಬರುತ್ತಿರುತ್ತದೆ.

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು

ಲೆಕ್ಕಕ್ಕೆ ಇದು 6, 10 ಮತ್ತು 14ನೇ ವಾರ. ಮೂರೂ ಸಲ ಎಡ ತೊಡೆಗೆ ಪೆಂಟಾವೇಲೆಂಟ್. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ನ್ಯುಮೋನಿಯಾ, ಮಿದುಳ ಪೊರೆಯ ಉರಿಯೂತ ತರುವ ರೋಗಾಣು) ಐದಕ್ಕೂ ಇದೊಂದೇ. ಬಾಯಿಗೆ ಪೋಲಿಯೊ ಮತ್ತು ಭೇದಿ ತಡೆಯುವ ರೋಟಾ. 6 ಮತ್ತು 14ನೇ ವಾರದಲ್ಲಿ ಮಾತ್ರ ಇನ್ನೆರಡು ಚುಚ್ಚು ಜಾಸ್ತಿ: ಬಲ ತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ, ಬಲ ತೋಳಿಗೆ ಪೋಲಿಯೊ ಇಂಜೆಕ್ಷನ್. ಒಂದೇ ದಿನ ಮೂರು ಚುಚ್ಚಾ ಅಂತ ಅಜ್ಜಿ ಗಾಬರಿಯಾದರೆ ಸಮಾಧಾನ ಹೇಳಿ, ಒಟ್ಟಿಗೆ ಕೊಟ್ಟರೆ ತೊಂದರೆಯಿಲ್ಲ. ಚುಚ್ಚುವಾಗ ಮಗು ಮೊಲೆ ಕುಡಿಯುತ್ತಿದ್ದರೆ ಅಳುವೂ ಕಡಿಮೆ.

ಸುಮ್ನೆ ನೆಗಡಿ, ಸ್ವಲ್ಪ ಕೆಮ್ಮು ಇದೆ ಅಂತ ಮುಂದಕ್ಕೆ ಹಾಕಬೇಡಿ. ಜ್ವರ ಜೋರಾಗಿದ್ದರೆ ಮಾತ್ರ ಕೇಳಿ ನಿರ್ಧರಿಸಿ.

ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಅಪರೂಪಕ್ಕೆ ಅಲರ್ಜಿ ಆದರೆ ಅಷ್ಟರಲ್ಲೇ ಗೊತ್ತಾಗುತ್ತದೆ. ಸಂಜೆ ಮೈ ಬಿಸಿಯಾಗಬಹುದು, ತೊಡೆ ಊದಬಹುದು. ಪ್ಯಾರಾಸಿಟಮಾಲ್ ಎಷ್ಟು ಹನಿ ಅಂತ ಮಗುವಿನ ತೂಕ ಹೇಳಿ ಸಿಸ್ಟರ್ ಹತ್ತಿರವೇ ಕೇಳಿಕೊಂಡು ಬನ್ನಿ, ಪಕ್ಕದ ಮನೆ ಮಗುವಿನ ಲೆಕ್ಕ ಬೇಡ. ಮಗುವನ್ನು ಎರೆಯುವವರಿಗೂ ಮೊದಲೇ ಹೇಳಿಡಿ: ಆ ತೊಡೆ ತಿಕ್ಕುವುದು, ಬಿಸಿ ಶಾಖ ಕೊಡುವುದು ಎರಡೂ ಬೇಡ, ಒದ್ದೆ ಬಟ್ಟೆ ಇಟ್ಟರೆ ಸಾಕು. ಮೂರು ಗಂಟೆ ದಾಟಿದರೂ ಅಳು ನಿಲ್ಲದಿದ್ದರೆ, ಫಿಟ್ಸ್ ಬಂದರೆ, ಮಗು ಹಾಲು ಬಿಟ್ಟು ಮಂಕಾದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಊರು ಬದಲಾಯಿಸುವಾಗ

ಹೊರಡುವ ವಾರ ಮೊದಲೇ ಗಂಡನ ಊರಿನ ಆಶಾ ಕಾರ್ಯಕರ್ತೆಗೋ ಅಂಗನವಾಡಿಗೋ ಫೋನ್ ಮಾಡಿಸಿ, ಇಂಥ ತಾರೀಖಿಗೆ ಮಗು ಬರುತ್ತಿದೆ, ಇಂಥ ಲಸಿಕೆ ಬಾಕಿ ಇದೆ ಅಂತ ಹೇಳಿಬಿಡಿ. ಸರ್ಕಾರಿ ಲಸಿಕೆ ಯಾವ ಊರಿನಲ್ಲಾದರೂ ಉಚಿತ. ‘ಶುರು ಮಾಡಿದ ಕಡೆಯೇ ಮುಗಿಸಬೇಕು’ ಅನ್ನುವುದು ಬರೀ ನಂಬಿಕೆ. ಪೆಂಟಾವೇಲೆಂಟಿನ ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ವಾರ ಇರಬೇಕು ಅಷ್ಟೆ. ತಡವಾಗಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಬೈಯುತ್ತಾರೆ ಅಂತ ಹೆದರಿ ಹೋಗದೇ ಇರುವುದೇ ದೊಡ್ಡ ನಷ್ಟ.

ಒಂಬತ್ತು ತಿಂಗಳು, ಒಂದೂವರೆ ವರ್ಷ

ಒಂಬತ್ತು ತುಂಬಿದಾಗ ದಡಾರ-ರುಬೆಲ್ಲಾ, ಪಿಸಿವಿ ಬೂಸ್ಟರ್, 2023ರಿಂದ ಸೇರಿಸಿರುವ ಮೂರನೇ ಪೋಲಿಯೊ ಇಂಜೆಕ್ಷನ್, ವಿಟಮಿನ್ ಎ. ಮಿದುಳು ಜ್ವರದ ಲಸಿಕೆ ಕೆಲವು ಜಿಲ್ಲೆಗಳಲ್ಲಿ ಮಾತ್ರ, ನಿಮ್ಮಲ್ಲಿ ಇದೆಯಾ ಕೇಳಿ. ದಡಾರದ ಲಸಿಕೆಗೆ ಜ್ವರ ಅದೇ ದಿನ ಬರುವುದಕ್ಕಿಂತ ವಾರ, ಹತ್ತು ದಿನ ಬಿಟ್ಟು ಸಣ್ಣ ಗಂದೆಯೊಂದಿಗೆ ಬರುವುದೇ ಜಾಸ್ತಿ. ಗೊತ್ತಿಲ್ಲದವರು ದೃಷ್ಟಿ ತೆಗೆಯಲು ಕೂರುತ್ತಾರೆ!

16ರಿಂದ 24 ತಿಂಗಳೊಳಗೆ ದಡಾರದ ಎರಡನೇ ಡೋಸ್, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಮತ್ತು ಪೋಲಿಯೊ ಬೂಸ್ಟರ್. ಅಷ್ಟೊತ್ತಿಗೆ ಮಗು ಮನೆ ತುಂಬ ಓಡಾಡುತ್ತಿರುತ್ತದೆ, ಕಾರ್ಡ್ ಬೀರುವಿನ ತಳ ಸೇರಿರುತ್ತದೆ. ಮೊಬೈಲಿನಲ್ಲಿ ಈಗಲೇ ರಿಮೈಂಡರ್ ಇಡಿ.

ಖಾಸಗಿ ಆಸ್ಪತ್ರೆಯ ‘ನೋವಿಲ್ಲದ’ ಡಿಪಿಟಿ ಲಸಿಕೆಗೆ ಜ್ವರ, ಊತ ಕಡಿಮೆ ನಿಜ, ಆದರೆ ನಾಯಿಕೆಮ್ಮಿನ ವಿರುದ್ಧ ಅದರ ರಕ್ಷಣೆ ಬೇಗ ಕುಗ್ಗುತ್ತದೆ. ಸರ್ಕಾರದ್ದು ಪುಕ್ಕಟೆ ಅಂತ ಕೀಳಲ್ಲ.

ಇನ್ನು ಕಾರ್ಡ್ ಕಳೆದೇ ಹೋದರೆ? ಮೊದಲು ಹಾಕಿಸಿದ ಕೇಂದ್ರಕ್ಕೆ ಫೋನ್ ಮಾಡಿ, ಅವರ ರಿಜಿಸ್ಟರಿನಲ್ಲಿ ಮಗುವಿನ ಹೆಸರಿರುತ್ತದೆ. ಅಲ್ಲೂ ಸಿಗದಿದ್ದರೆ ಯಾವುದನ್ನು ಮತ್ತೆ ಹಾಕಬೇಕು ಅಂತ ಡಾಕ್ಟರ್ ವಯಸ್ಸು ನೋಡಿ ಹೇಳುತ್ತಾರೆ.