ಕಂದು ಐಶ್ಯಾಡೋ ಮಚ್ಚೆ ಕಟ್ಟದಿರಲು

ಮ್ಯಾಟ್ (ಹೊಳಪಿಲ್ಲದ) ಕಂದು ಐಶ್ಯಾಡೋ ಹಚ್ಚುವ ಮೊದಲು ಕಣ್ಣಿನ ರೆಪ್ಪೆಗೆ ಕಾಂಪ್ಯಾಕ್ಟ್ ಪೌಡರನ್ನು ತೆಳ್ಳಗೆ ಒತ್ತಿಕೊಳ್ಳಿ. ಉಜ್ಜಬೇಡಿ, ಸುಮ್ನೆ ಒತ್ತಿದರೆ ಸಾಕು. ನಮ್ಮ ತೀರ್ಥಹಳ್ಳಿ, ಆಗುಂಬೆ ಕಡೆ ಮಳೆಗಾಲದಲ್ಲಿ ಚರ್ಮ ಯಾವಾಗಲೂ ಸ್ವಲ್ಪ ಪಸೆಪಸೆ ಇರುತ್ತದೆ ಅಲ್ವಾ, ಬ್ರಷ್ ಮೊದಲು ತಾಗಿದ ಜಾಗದಲ್ಲೇ ಬಣ್ಣ ಕಚ್ಚಿಕೊಂಡು ಮಚ್ಚೆಯಾಗುತ್ತದೆ. ಪೌಡರ್ ಆ ಪಸೆಯನ್ನು ಹೀರಿಕೊಂಡರೆ ಬಣ್ಣ ಸಲೀಸಾಗಿ ಹರಡುತ್ತದೆ. ಬೂದು ಬೆರೆತ ಕಂದು ಬೇಡ, ಅದು ನಮ್ಮ ಮೈಬಣ್ಣಕ್ಕೆ ಮಂಕಾಗಿ ಕಾಣುತ್ತದೆ. ಚೊಗರು (ಅಡಿಕೆ ಬೇಯಿಸಿದ ಗಟ್ಟಿ ನೀರು) ಹಾಕಿ ಒಣಗಿಸಿದ ಕೆಂಪಡಿಕೆ ಇರುತ್ತದಲ್ಲ, ಆ ಬಣ್ಣ ನೋಡಿ ತಗೊಳ್ಳಿ. ಕಣ್ಣು ತೆರೆದು ಕನ್ನಡಿಯನ್ನು ನೇರವಾಗಿ ನೋಡುತ್ತಾ, ರೆಪ್ಪೆಯ ಮಡಿಕೆಗಿಂತ ಒಂದು ಎಳೆ ಮೇಲೆ ಹಚ್ಚಿ. ಮಡಿಕೆಯೊಳಗೆ ಮಾತ್ರ ಹಚ್ಚಿದರೆ ಕಣ್ಣು ಬಿಟ್ಟಾಗ ಬಣ್ಣವೇ ಕಾಣುವುದಿಲ್ಲ. ಗಾಢ ಕಂದು ಹೊರಮೂಲೆಗೆ ಮಾತ್ರ, ಅದೂ ಬ್ರಷ್ ಕೊಡವಿದ ಮೇಲೆ. ರೆಪ್ಪೆ ತೀರಾ ಒಣಗಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಪೌಡರ್ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಆಗ ತಾನೇ ಕ್ರೀಮ್ ಹಚ್ಚಿದ್ದರೂ ಅಷ್ಟೇ, ಅದು ಇಂಗುವ ತನಕ ಕಾಯಿರಿ. ಕ್ರೀಮ್ ಐಶ್ಯಾಡೋ ಆದರೆ ಪೌಡರ್ ಕೆಳಗೆ ಬೇಡ, ಮೇಲೆ ಹಾಕಿ.