ವೈಫೈ ಬೋರ್ಡಿಗೆ ವೈರ್ ಎಳ್ದ ಮೇಲೇ ನಮ್ಮನೆ ಮೋಟ್ರು ಮಾತು ಕೇಳಿದ್ದು

ಮೊನ್ನೆ ಒಂದೇ ರಾತ್ರಿ ಐದಾರು ಸಲ ಕರೆಂಟ್ ಹೋಗಿ ಬಂತು. ಬೆಳಗ್ಗೆ ಎದ್ದು ನೋಡಿದ್ರೆ ಟ್ಯಾಂಕ್ ಫುಲ್, ಮೋಟ್ರು ಆಫ್, ಪಕ್ಕದ ಮನೆ ಗೋಡೆ ಒಣಗಿಕೊಂಡು ನಿಂತಿದೆ. ಒಂದೂವರೆ ವರ್ಷದ ಹಿಂದೆ ಇದೇ ಗೋಡೆ ನೋಡಿ ಪಕ್ಕದ್ಮನೆ ಅಜ್ಜ ಕಾಂಪೌಂಡ್ ಮೇಲಿಂದ "ಏನಪಾ, ನಿನ್ ಕಂಪ್ಯೂಟರ್ ಮೋಟ್ರು ನಮ್ಮನಿ ತೊಳಿತೈತಲ್ಲ" ಅಂದಿದ್ರು, ಅದಕ್ಕೇ ಟ್ಯಾಂಕ್ ತುಂಬಿದ್ರೆ ತಾನೇ ನಿಲ್ಲೋ ಹಾಗೆ ಮೋಟ್ರಿಗೆ ವೈಫೈ ಬೋರ್ಡ್ ಕೂರಿಸಿದ ಕಥೆ ಬರೀತಿರೋದು.

ನಮ್ದು ದಾವಣಗೆರೆ, ನಿಟ್ಟುವಳ್ಳಿ ಕಡೆ. ಸಂಪಿಂದ 1 ಎಚ್‌ಪಿ ಮೋಟ್ರು, ಮೇಲೆ 1000 ಲೀಟರ್ ಟ್ಯಾಂಕ್, ಅವ್ವ ಮೋಟ್ರು ಹಾಕಿ ಧಾರಾವಾಹಿ ಮುಂದೆ ಕೂತ್ರೆ ಮುಗೀತು, ಟ್ಯಾಂಕ್ ಉಕ್ಕಿದ್ರೂ ಗೊತ್ತಾಗಲ್ಲ. ಅಂಗಡೀಲಿ ರೆಡಿ ಕಂಟ್ರೋಲರ್‌ಗೆ 2500 ಹತ್ರ ಹೇಳಿದ್ರು, ನಾನು 300 ರೂಪಾಯಿಯ ಪುಟ್ಟ ವೈಫೈ ಬೋರ್ಡ್ ನೋಡ್‌ಎಂಸಿಯುನಲ್ಲೇ ಮಾಡ್ತೀನಿ ಅಂತ ಹೊರಟೆ. ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಬೋರ್ಡನ್ನ ಕೈಯಲ್ಲಿ ತಿರುಗಿಸಿ ನೋಡಿ "ಇದೇನಲೇ ತಮ್ಮಾ, ಬೆಂಕಿಪಟ್ಣದಷ್ಟೈತಿ, ಇದು ಮೋಟ್ರು ನಡಸ್ತತಾ?" ಅಂದ.

ಮೊದಲು ಎಚ್‌ಸಿ-ಎಸ್‌ಆರ್04 ಸೆನ್ಸರನ್ನ, ಅಂದ್ರೆ ಸದ್ದು ಬಿಟ್ಟು ಅದು ವಾಪಸ್ ಬರೋದ್ರಿಂದ ನೀರು ಎಷ್ಟು ಕೆಳಗಿದೆ ಅಂತ ಅಳೆಯೋ ಅಲ್ಟ್ರಾಸಾನಿಕ್ ಸೆನ್ಸರನ್ನ, ಟ್ಯಾಂಕ್ ಮುಚ್ಚಳಕ್ಕೆ ತೂತು ಹೊಡೆದು ಕೂರಿಸಿದೆ. ನಾಲ್ಕು ದಿನ ಚೆನ್ನಾಗಿತ್ತು. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ, ಟ್ಯಾಂಕ್ ಒಳಗೆ ಹಬೆ ಹಿಡಿದು ಆ ಎರಡು ಕಣ್ಣಲ್ಲೂ ನೀರು ಕೂತು ರೀಡಿಂಗ್ 3 ಸೆಂಟಿಮೀಟರಿಗೇ ಅಂಟ್ಕೊಂತು, ಟ್ಯಾಂಕ್ ತುಂಬಿದೆ ಅಂದ್ಕೊಂಡು ಬೋರ್ಡ್ ಸುಮ್ನಿತ್ತು, ಮೋಟ್ರು ಆನೇ ಆಗ್ಲಿಲ್ಲ, ಅವ್ವ ಸೋಪು ಹಚ್ಚಿದ ಪಾತ್ರೆ ಹಿಡ್ಕೊಂಡು ನಿಂತ್ರು. ಇನ್ನೊಂದು ತಂದೆ, ಅದಕ್ಕೂ ಅದೇ ಗತಿ. ಆಮೇಲೆ ವಾಟರ್‌ಪ್ರೂಫ್ ಜೆಎಸ್‌ಎನ್-ಎಸ್‌ಆರ್04ಟಿ ತರಿಸಿದೆ, 400 ಚಿಲ್ಲರೆ. ಅದು 20-25 ಸೆಂಟಿಮೀಟರಿಗಿಂತ ಹತ್ರ ಇರೋದನ್ನ ನೋಡಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಟ್ಯಾಂಕ್ ಉಕ್ಕಿದ ಮೇಲೆ. ಪೈಪಿನ ತುಂಡು ಇಟ್ಟು ಎತ್ತರಿಸಿದ್ರೆ ಸದ್ದು ಪೈಪಿನ ಗೋಡೆಗೇ ಬಡಿದು ವಾಪಸ್ ಬರುತ್ತೆ. ಅದನ್ನೂ ಗೆದ್ದೆ ಅನ್ನಿ, ಪೈಪ್ ಎಷ್ಟಿಂಚು, ಒಳಗೆ ಏನು ಹಚ್ಚಿದೆ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ, ಬೇಕಾದವ್ರು ಮನೆಗೆ ಬಂದು ನೋಡ್ಲಿ.

ರಿಲೇದು, ಅಂದ್ರೆ ಬೋರ್ಡ್ ಹೇಳಿದಂಗೆ ಮೋಟ್ರು ಆನ್ ಆಫ್ ಮಾಡಿಸೋ ಸ್ವಿಚ್ಚಿಂದು, ಇನ್ನೊಂದು ಕಥೆ. ಅದನ್ನ ಬೋರ್ಡಿನ ಡಿ4 ಪಿನ್ನಿಗೆ ಹಾಕಿದ್ದೆ. ಬೋರ್ಡ್ ಬೂಟ್ ಆಗುವಾಗ ಅದೇ ಪಿನ್ನಲ್ಲಿ (ಚಿಪ್ಪಿನ ಲೆಕ್ಕದಲ್ಲಿ ಜಿಪಿಐಒ 2) ಬೂಟ್ ಲಾಗ್ ಸಿಗ್ನಲ್ ಹೊರಗೆ ಬರುತ್ತೆ, ರಿಲೇ ಆಕ್ಟಿವ್ ಲೋ, ಅಂದ್ರೆ ಸಿಗ್ನಲ್ ಕೆಳಗಿಳಿದ್ರೆ ಆನ್ ಆಗೋದು, ಹಾಗಾಗಿ ಕರೆಂಟ್ ಬಂದಾಗೆಲ್ಲ ಟಕಟಕಟಕ ಅಂತ ಹೊಡ್ಕೊಂಡು ರಾತ್ರಿ ಎರಡಕ್ಕೆ ಮೋಟ್ರು ಒಂದ್ಸಲ ಗುಂಯ್ ಅಂದು ನಿಲ್ತಿತ್ತು. ಡಿ1ಗೆ ಬದಲಾಯಿಸಿದೆ, ಸರಿಹೋಯ್ತು. ಒಂದು ವೈರಿನ ಕೆಲಸ, ನನಗೆ ಮೂರು ವಾರ ಹಿಡೀತು.

ದೊಡ್ಡ ತಪ್ಪು ಕೋಡಲ್ಲೇ ಇತ್ತು. ವೈಫೈ ಸಿಗೋವರೆಗೂ ವೈಲ್ ಲೂಪಲ್ಲಿ, ಅಂದ್ರೆ ಬೇರೇನೂ ಮಾಡದೆ ಅಲ್ಲೇ ಸುತ್ತುತ್ತಾ, ಕೂತಿರು ಅಂತ ಎಲ್ಲ ಉದಾಹರಣೇಲೂ ಇರುತ್ತಲ್ಲ, ಅದನ್ನೇ ವೈಫೈ ಕಟ್ಟಾಗಿ ಮತ್ತೆ ಸೇರೋ ರೀಕನೆಕ್ಟಿಗೂ ಎತ್ತಿ ಹಾಕಿದ್ದೆ. ಒಂದಿನ ಮೋಟ್ರು ಓಡ್ತಿರುವಾಗ ರೂಟರ್ ಅಡಾಪ್ಟರ್ ಸತ್ತೋಯ್ತು. ಬೋರ್ಡ್ ವೈಫೈ ಹುಡುಕ್ತಾ ಕೂತಿದೆ, ಮೋಟ್ರು ನೀರು ಸುರೀತಿದೆ, ನಾವೆಲ್ಲ ಹರಿಹರದಲ್ಲಿ ಮದುವೆ ಊಟ ಮಾಡ್ತಿದೀವಿ. ಅಜ್ಜ ಆ ಮಾತಂದಿದ್ದು ಅವತ್ತೇ.

ಅಲ್ಲಿಗೆ ಎಲ್ಲಾ ಬಿಚ್ಚಿ ಹಾಕಿದೆ. ಟ್ಯಾಂಕಲ್ಲಿ ಮೇಲೊಂದು ಕೆಳಗೊಂದು, ನೀರಿನ ಜೊತೆ ತೇಲಿ ಆನ್ ಆಫ್ ಆಗೋ ಮ್ಯಾಗ್ನೆಟ್ ಫ್ಲೋಟ್ ಸ್ವಿಚ್, ಸಂಪಲ್ಲಿ ಒಂದು, ಟೆರೇಸಿಂದ ಕೆಳಗಿನವರೆಗೆ ಸುಮಾರು 15 ಮೀಟರ್ ಹಳೇ ಲ್ಯಾನ್ ಕೇಬಲ್. ಸ್ವಿಚ್ ತೆರೆದಾಗ ಸಿಗ್ನಲನ್ನ ಮೇಲೆ ಹಿಡಿದಿಡೋ, ಬೋರ್ಡಿನ ಒಳಗಿನ ಪುಲ್‌ಅಪ್ ಅಷ್ಟುದ್ದದ ವೈರಿಗೆ ಸಾಲಲ್ಲ, ಹೊರಗೆ 4.7ಕೆ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಮೋಟ್ರು ಹಾಕ್ಬೇಕಾ ನಿಲ್ಲಿಸ್ಬೇಕಾ ಅನ್ನೋದನ್ನ ಬೋರ್ಡ್ ಈ ಮೂರು ಸ್ವಿಚ್ ನೋಡಿಯೇ ತೀರ್ಮಾನ ಮಾಡುತ್ತೆ, ವೈಫೈ ಇರ್ಲಿ ಬಿಡ್ಲಿ. ಅಲ್ಟ್ರಾಸಾನಿಕ್ ಬರೀ ಮೊಬೈಲಲ್ಲಿ ಎಷ್ಟು ಪರ್ಸೆಂಟ್ ಅಂತ ತೋರಿಸೋ ಶೋಕಿಗೆ. ಇದರ ಜೊತೆಗೆ ಒಂದು ಟೈಮರ್, 30 ನಿಮಿಷ ಆದ್ರೆ ಏನೇ ಆಗ್ಲಿ ಮೋಟ್ರು ಕಟ್. ವೈಫೈ ಪ್ರಾಜೆಕ್ಟಿಗೆ ವೈರ್ ಎಳ್ದ ಅಂತ ಫ್ರೆಂಡ್ಸ್ ನಕ್ಕರು, ನಗ್ಲಿ.

ಆಮೇಲೂ ವಾರಕ್ಕೊಮ್ಮೆ ಬೋರ್ಡ್ ಹ್ಯಾಂಗ್ ಆಗ್ತಿತ್ತು. ಕೋಡ್ ಕೋಡ್ ಅಂತ ತಲೆ ಕೆಡಿಸ್ಕೊಂಡೆ, ನೋಡಿದ್ರೆ ರಿಲೇ ಹೇಳಿದಂಗೆ ಮೋಟ್ರಿಗೆ ಕರೆಂಟ್ ಕೊಡೋ ದೊಡ್ಡ ಸ್ವಿಚ್ಚು ಕಾಂಟ್ಯಾಕ್ಟರ್ ಬಿಡೋ ಕ್ಷಣಕ್ಕೇ ಸರಿಯಾಗಿ ರೀಸೆಟ್ ಆಗಿ ಸಿಕ್ಕಾಕ್ಕೊಳ್ತಿತ್ತು. ಬಿಡುವಾಗ ಬರೋ ಕರೆಂಟಿನ ಝಟಕ ತಗ್ಗಿಸೋಕೆ ಅದರ ಕಾಯಿಲಿಗೆ ಅಡ್ಡ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್ ಹಾಕಿದೆ, 20 ರೂಪಾಯಿನೂ ಆಗ್ಲಿಲ್ಲ. ಅವತ್ತಿಂದ ಎಂಟು ತಿಂಗಳು ಆಯ್ತು, ಒಂದ್ಸಲನೂ ನಿಂತಿಲ್ಲ.

ಮಧ್ಯೆ ತುಳಸಿ ಕಟ್ಟೆಗೂ ತೇವದ ಸೆನ್ಸರ್ ಚುಚ್ಚಿದ್ದೆ, ಆ 60 ರೂಪಾಯಿ ಫೋರ್ಕಿನಂಥದ್ದು. ತಿಂಗಳಲ್ಲಿ ತಾಮ್ರ ಹಸಿರಾಗಿ ಕರಗೋಯ್ತು. ಅವ್ವ "ತುಳಸಿಗೆ ಕರೆಂಟ್ ಯಾಕ್ ಕೊಡ್ತೀಯೋ" ಅಂತ ಕಿತ್ತು ಎಸೆದ್ರು, ನಾನೂ ಸುಮ್ನಾದೆ.

ಖರ್ಚು ಕೇಳ್ಬೇಡಿ. ಈಗ ಗೋಡೆ ಮೇಲಿರೋದು 1800 ಆಸುಪಾಸಿನದು, ಸುಟ್ಟಿದ್ದು ಎಸೆದಿದ್ದು ಸೇರಿದ್ರೆ 5000 ದಾಟಿದೆ, ಅಂದ್ರೆ ಆ ರೆಡಿ ಕಂಟ್ರೋಲರ್ ಎರಡು ಬರ್ತಿತ್ತು. ಹೆಂಡತಿಗೆ ಹೇಳಿರೋ ಲೆಕ್ಕ 1800 ಮಾತ್ರ.

ಹೋದ್ವಾರ ಎಲೆಕ್ಟ್ರಿಷಿಯನ್ ಅಣ್ಣ ಬಂದು ಡಬ್ಬಿ ಮುಚ್ಚಳ ತೆಗೆದು ಸುಮಾರು ಹೊತ್ತು ನೋಡ್ದ. "ಚನ್ನಗಿರಿ ಕಡೆ ನಮ್ ಮಾವನ ಮನಿಗೊಂದು ಮಾಡ್ಕೊಡಲೇ" ಅಂದ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ, ಕೊಟ್ಟ ಮೇಲೇ ಪೈಪ್ ಕತ್ತರಿಸೋದು.