ದಮ್ಮು ಇದ್ದವರು ನಡೆಯಲು ಹೊರಡುವ ಮುಂಚೆ

"ಬೆಳಗ್ಗೆ ಐದಕ್ಕೇ ಎದ್ದು ವಾಕಿಂಗ್ ಹೋಗಿ" ಎಂದು ಬುದ್ಧಿ ಹೇಳದವರು ಯಾರಿದ್ದಾರೆ? ದಮ್ಮು ಇದ್ದವರು ಮಲೆನಾಡಿನ ಚಳಿಗಾಲದಲ್ಲಿ ಈ ಮಾತು ಕೇಳಲೇಬೇಡಿ. ನನಗೆ ಚಿಕ್ಕಂದಿನಿಂದ ಅಸ್ತಮಾ. ತೀರ್ಥಹಳ್ಳಿ ಕಡೆಯ ತೋಟದ ಮನೆ ನಮ್ಮದು. ಡಿಸೆಂಬರ್, ಜನವರಿಯಲ್ಲಿ ಹೊತ್ತು ಮೂಡುವಾಗ ಎಲ್ಲರ ಮನೆ ಬಚ್ಚಲೊಲೆಯೂ ಉರಿಯುತ್ತಿರುತ್ತದೆ. ಹೊಗೆ ಮೇಲೇರದೆ ಮಂಜಿನ ಜೊತೆ ತೋಟದಲ್ಲೇ ನಿಂತುಬಿಡುತ್ತದೆ. ಅದಕ್ಕೇ ನಾನು ನಡೆಯುವುದು ಸಂಜೆ ನಾಲ್ಕೂವರೆಗೆ. ಬೆಳಗ್ಗೆಯೇ ಹೋಗಬೇಕು ಅನ್ನುವವರು ಬಿಸಿಲು ಬಿದ್ದು ಮಂಜು ಕರಗಲಿ, ಆಮೇಲೆ ಹೊರಡಿ. ಮೂಗು ಬಾಯಿಗೆ ಒಂದು ಬಟ್ಟೆ ಸುತ್ತಿಕೊಳ್ಳಿ.

ಜೋರಾಗಿ ನಡೆಯುವಾಗ ನಾವು ಬಾಯಲ್ಲಿ ಉಸಿರಾಡುತ್ತೇವೆ. ಮೂಗು ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಒಳಗೆ ಬಿಡುತ್ತದೆ. ಬಾಯಿಗೆ ಅದು ಅಷ್ಟು ಚೆನ್ನಾಗಿ ಆಗುವುದಿಲ್ಲ. ಉಸಿರಿನ ನಾಳ ಒಣಗಿ ಬಿಗಿಯುತ್ತದೆ. ಎಷ್ಟೋ ಸಲ ನಡೆಯುವಾಗಲ್ಲ, ನಿಂತು ಐದು ಹತ್ತು ನಿಮಿಷಕ್ಕೆ ಎದೆಯಲ್ಲಿ ಸುಯ್ ಸುಯ್ ಶುರುವಾಗುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷ ನಿಧಾನ, ಕೊನೆಗೂ ನಿಧಾನ. ಗಕ್ಕನೆ ನಿಲ್ಲಬೇಡಿ.

ವ್ಯಾಯಾಮಕ್ಕೆ ಮುಂಚೆ ಸಾಲ್ಬುಟಮಾಲ್ (ಬಿಗಿದ ಉಸಿರಿನ ನಾಳವನ್ನು ಬೇಗ ಸಡಿಲಿಸುವ ಇನ್‌ಹೇಲರ್) ಎಳೆಯಲು ಡಾಕ್ಟರ್ ಹೇಳಿದ್ದರೆ, ಹೊರಡುವ ಹದಿನೈದು ನಿಮಿಷ ಮೊದಲು ಎಳೆಯಿರಿ. ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರ್ ಬೇರೆ. ಚೆನ್ನಾಗಿದ್ದೀನಿ ಅಂತ ಅದನ್ನು ಬಿಡಬಾರದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ.

ಮಳೆಗಾಲದ್ದು ಇನ್ನೊಂದು ಕಥೆ. ನಮ್ಮಲ್ಲಿ ಉಪ್ಪೇ ನೀರಾಗುತ್ತದೆ, ಪುಡಿ ಔಷಧಿ ಉಳಿಯುತ್ತದಾ? ಕ್ಯಾಪ್ಸೂಲ್ ಹಾಕಿ ಎಳೆಯುವ ಇನ್‌ಹೇಲರ್ ಇದ್ದವರು ಕ್ಯಾಪ್ಸೂಲನ್ನು ಆಗಿಂದಾಗಲೇ ಪ್ಯಾಕಿನಿಂದ ತೆಗೆಯಿರಿ, ಒಣಗಿದ ಕೈಯಲ್ಲಿ. ಬಚ್ಚಲಲ್ಲಂತೂ ಇಡಬೇಡಿ. ಮಳೆ ಹಿಡಿದ ದಿನ ಜಗುಲಿಯಲ್ಲೇ ಆಚೆ ಈಚೆ ನಡೆದರೂ ಸಾಕು. ಗೋಡೆಗೆ ಬೂಷ್ಟು ಹಿಡಿದ ಕೋಣೆಯಲ್ಲಿ ಸೂರ್ಯನಮಸ್ಕಾರ ಬೇಡ. ಅಡಿಕೆ ಸುಲಿಯುವ, ಒಣಗಿದ ಅಡಿಕೆ ಆರಿಸುವ ಧೂಳಿನ ಹತ್ತಿರವೂ ಬೇಡ.

ಗುಡ್ಡ ಹತ್ತುವುದು ಬೇಡ ಎನ್ನುವ ಅತ್ತೆಯಂದಿರ ಮಾತು ನಾನು ಒಪ್ಪುವುದಿಲ್ಲ. ಆದರೆ 1343 ಮೀಟರಿನ ಕೊಡಚಾದ್ರಿಯಿಂದ ಶುರು ಮಾಡುವುದು ಸುಮ್ನೆ ಹಟ. ಮೊದಲು ಮನೆ ಹಿಂದಿನ ದರೆ ಹತ್ತಿ. ಪಕ್ಕದವರ ಜೊತೆ ಮಾತಾಡುತ್ತಾ ಹತ್ತಲು ಆಗುತ್ತಿದೆಯಾ? ಆಗದಿದ್ದರೆ ವೇಗ ಜಾಸ್ತಿ ಆಯಿತು. ಶೀತ, ಕೆಮ್ಮು ಇದ್ದ ದಿನ ಹೋಗಲೇಬೇಡಿ. ನಡೆಯುವ ಮುಂಚೆ ಎಳೆಯುವುದನ್ನು ಬಿಟ್ಟೂ ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ಸಾಲ್ಬುಟಮಾಲ್ ಬೇಕಾಗುತ್ತಿದ್ದರೆ, ರಾತ್ರಿ ಕೆಮ್ಮಿಗೆ ಎಚ್ಚರವಾಗುತ್ತಿದ್ದರೆ, ವಾಕಿಂಗ್ ಆಮೇಲೆ, ಡಾಕ್ಟರ್ ಮೊದಲು.

ದಾರಿಯಲ್ಲಿ ಉಸಿರು ಕಟ್ಟಿದರೆ ನೆಟ್ಟಗೆ ಕೂರಿ, ಮಲಗಬೇಡಿ. ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಟೊಳ್ಳು ಕೊಳವೆ) ಹಾಕಿ ಸಾಲ್ಬುಟಮಾಲ್ ಒಂದೊಂದೇ ಪಫ್, ಪ್ರತಿ ಪಫ್‌ಗೆ ನಾಲ್ಕು ಉಸಿರು, ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ಕಾಯಿರಿ. ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರುವವರೆಗೂ ಹೀಗೇ ಮುಂದುವರಿಸಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ ಕಾಯುತ್ತಾ ಕೂರದೆ ಆಗಲೇ ಫೋನ್ ಮಾಡಿ. ನಮ್ಮ ಕಡೆ ಆಂಬ್ಯುಲೆನ್ಸ್ ಬರಲು ಹೊತ್ತಾಗುತ್ತದೆ. ಕಾಡುದಾರಿಯಲ್ಲಿ ನೆಟ್‌ವರ್ಕೂ ಇರುವುದಿಲ್ಲ. ಅದಕ್ಕೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಹೇಳಿ ಹೊರಡಿ. ಇನ್‌ಹೇಲರ್ ಬ್ಯಾಗಿನ ತಳದಲ್ಲಲ್ಲ, ಜೇಬಿನಲ್ಲಿರಲಿ.